ಗುಮ್ಮಟಕ್ಕೆ ಕಾವಲುಂಟು, ಕಲ್ಲಿನ ಮನೆಗೆ?

ವಿಜಯಪುರವೆಂದೊಡನೆ ನೆನಪಾಗುವುದು ಗೋಳಗುಮ್ಮಟ, ಇಬ್ರಾಹಿಂ ರೋಜಾ, ಬಾರಾ ಕಮಾನ್. ಅವುಗಳಿಗೆ ಪುರಾತತ್ವ ಇಲಾಖೆಯ ಕಾವಲಿದೆ, ಕಾಯ್ದೆಯ ಬಲವಿದೆ. ಆದರೆ ಅದೇ ನೆಲದ ಕಪ್ಪುಕಲ್ಲಿನಿಂದ ಎದ್ದ, ತಿಕೋಟಾ, ಬಬಲೇಶ್ವರಗಳ ಹಳೆಯ ಓಣಿಗಳಲ್ಲಿ ಗೋಡೆಗೆ ಗೋಡೆ ಆನಿಸಿ ನಿಂತಿರುವ ಒಕ್ಕಲು ಮಕ್ಕಳ ಮನೆಗಳನ್ನು ಕಾಯುವವರು ಯಾರು?

ಈ ಭೇದಭಾವಕ್ಕೆ ಇತಿಹಾಸವಿದೆ. 1885ರಲ್ಲಿ ಜಿಲ್ಲಾ ಕೇಂದ್ರವು ಕಲಾದಗಿಯಿಂದ ಬಿಜಾಪುರಕ್ಕೆ ಬಂದಾಗ ಬ್ರಿಟಿಷರು ಆದಿಲ್‌ಶಾಹಿ ಕಟ್ಟಡಗಳಲ್ಲೇ ಕಚೇರಿ ಹೂಡಿದರು. ಮಸೀದಿಯೊಂದು ಡಾಕ್ ಬಂಗಲೆಯಾಯಿತು. ಅದನ್ನು ತೆರವು ಮಾಡಿಸಿದವನು ಲಾರ್ಡ್ ಕರ್ಜನ್. 1904ರ ಪ್ರಾಚೀನ ಸ್ಮಾರಕ ಸಂರಕ್ಷಣಾ ಕಾಯ್ದೆ ಬಂದದ್ದೂ ಅವನ ಕಾಲದಲ್ಲಿಯೇ. ಅದು ಸ್ತುತ್ಯರ್ಹ ಕೆಲಸ. ಆದರೆ ಅಂದಿನಿಂದ ಸ್ಮಾರಕವೆಂದರೆ ಅರಸರ ಗೋರಿ, ಕೋಟೆ, ಅರಮನೆ ಎಂಬ ಭಾವನೆ ನಮ್ಮಲ್ಲಿ ಬೇರೂರಿತು.

ಇಂಗ್ಲೆಂಡಿನಲ್ಲಿ ಮಾತ್ರ ಬಡವರ ಮನೆಗೂ ಆ ಗೌರವ ದಕ್ಕಿದೆ. ಬೈಬರಿ ಎಂಬ ಹಳ್ಳಿಯ ಆರ್ಲಿಂಗ್ಟನ್ ರೋ ಹದಿನಾಲ್ಕನೆಯ ಶತಮಾನದ ಉಣ್ಣೆಯ ಉಗ್ರಾಣ. ಹದಿನೇಳನೆಯ ಶತಮಾನದಲ್ಲಿ ನೇಕಾರರ ಮನೆಗಳ ಸಾಲಾಯಿತು. ಇಂದು ಅದು ನ್ಯಾಷನಲ್ ಟ್ರಸ್ಟಿನ ಒಡೆತನದಲ್ಲಿದ್ದು, ಲೋಕದ ಪ್ರವಾಸಿಗರನ್ನು ಸೆಳೆಯುತ್ತಿದೆ. ಅಲ್ಲಿ ಉಳಿಸಿಕೊಂಡದ್ದು ಒಂದು ಮನೆಯನ್ನಲ್ಲ, ಇಡೀ ಸಾಲನ್ನು.

ನಮ್ಮ ಕಲ್ಲಿನ ಮನೆಗಳ ಜಾಣ್ಮೆ ಕಡಿಮೆಯದೇನಲ್ಲ. ದಪ್ಪ ಗೋಡೆ, ತೊಲೆ ಜಂತಿಗಳ ಮೇಲೆ ಮಣ್ಣಿನ ಮಾಳಿಗೆ, ಅದರಲ್ಲೊಂದು ಬೆಳಕಿಂಡಿ. ಬೇಸಿಗೆಯ ಬಿಸಿಲಿಗೆ ಕಾಂಕ್ರೀಟಿನ ಮನೆ ಕಾದ ಹೆಂಚಾದರೆ, ಈ ಪಡಸಾಲೆಯಲ್ಲಿ ನಡುಹಗಲಲ್ಲೂ ತಂಪು.

ಹಾಗೆಂದು ಅಲ್ಲಿ ವಾಸಿಸುವವರ ಕಷ್ಟವನ್ನು ನಾನು ಮರೆಮಾಚಲಾರೆ. ಮಾಳಿಗೆಗೆ ಆಗಾಗ ಮಣ್ಣು ಹಾಕಿ ಬಡಿಯಬೇಕು; ಅದು ತಪ್ಪಿದರೆ ಸೋರುತ್ತದೆ, ಜಡಿಮಳೆಗೆ ಕುಸಿಯುವುದೂ ಉಂಟು. ಸೋರುವ ಸೂರಿನಡಿ ಕುಳಿತವನಿಗೆ ಪರಂಪರೆಯ ಪಾಠ ಹೇಳುವುದು ಸಲ್ಲದು. ಆದರೆ ಸರ್ಕಾರದ ನೀತಿಯಾದರೂ ಏನು? ಮಣ್ಣಿನ ಮಾಳಿಗೆ ಎಂದರೆ ಕಚ್ಚಾ ಎಂಬ ಲೆಕ್ಕ. ವಸತಿ ಯೋಜನೆಗಳ ಒಲವೆಲ್ಲ ಹೊಸ ಮನೆಯ ಕಡೆಗೆ. ಹೀಗಾಗಿ ಗಟ್ಟಿ ಗೋಡೆಯೂ ಸೋರುವ ಸೂರಿನೊಡನೆ ನೆಲ ಕಚ್ಚುತ್ತದೆ. ಸಾಲು ಮನೆಗಳಲ್ಲಿ ಗೋಡೆ ಇಬ್ಬರದು. ಒಬ್ಬರು ಕೆಡವಿದರೆ ನೆರೆಯವರ ಮನೆಯೂ ಆಧಾರ ಕಳೆದುಕೊಳ್ಳುತ್ತದೆ. ಒಂದು ಅನುದಾನ ಒಂದು ಮನೆ ಕಟ್ಟಿ ಒಂದು ಓಣಿಯನ್ನು ಕೆಡವಿದಂತೆ!

ತಿಕೋಟಾ, ಬಬಲೇಶ್ವರಗಳು ಈಗ ತಾಲ್ಲೂಕು ಕೇಂದ್ರಗಳು. ರಸ್ತೆ, ಮಳಿಗೆಗಳ ಬೇಡಿಕೆ ಇನ್ನೂ ಹೆಚ್ಚಲಿದೆ. ಅದಕ್ಕೆ ಮುನ್ನವೇ ಉಳಿದಿರುವ ಕಲ್ಲಿನ ಮನೆಗಳ ಸಾಲುಗಳನ್ನು ಸ್ಥಳೀಯ ಸಂಸ್ಥೆಗಳು ಓಣಿವಾರು ಪಟ್ಟಿ ಮಾಡಲಿ. ಗೋಡೆ ಉಳಿಸಿಕೊಂಡು ಮಾಳಿಗೆಯನ್ನಷ್ಟೇ ಭದ್ರಗೊಳಿಸುವವರಿಗೂ ವಸತಿ ನೆರವು ದೊರೆಯಲಿ. ಮನೆಯೊಡೆಯನ ಹಕ್ಕಿಗೆ ಇದರಿಂದ ಧಕ್ಕೆಯಿಲ್ಲ. ಕೆಡವದೆಯೂ ಬೆಚ್ಚಗಿರುವ ದಾರಿಯೊಂದು ಅವನಿಗೆ ಸಿಗುತ್ತದೆ. ಸುಲ್ತಾನರು ಹೇಗೆ ಮಣ್ಣಾದರೆಂಬುದನ್ನು ಗುಮ್ಮಟ ಹೇಳುತ್ತದೆ. ಜನ ಹೇಗೆ ಬಾಳಿದರೆಂಬುದನ್ನು ಹೇಳಲು ಈ ಮನೆಗಳಾದರೂ ಉಳಿಯಬೇಕು.