ಎಳೆಯರ ಭಾವದಿನಚರಿ

ಮುಂಗಾರು ಹಿಡಿದಿತೆಂದರೆ ಶ್ರೀರಂಗಪಟ್ಟಣ, ಪಾಂಡವಪುರಗಳ ರೈತರ ಕಣ್ಣು ದಿನಪತ್ರಿಕೆಯಲ್ಲಿ ಕನ್ನಂಬಾಡಿ ಕಟ್ಟೆಯ ನೀರಿನ ಮಟ್ಟವನ್ನು ಅರಸುತ್ತದೆ. ಗರಿಷ್ಠ ಮಟ್ಟ 124.80 ಅಡಿ, ಇಂದಿನ ಮಟ್ಟವೆಷ್ಟು, ಒಳಹರಿವೆಷ್ಟು, ಹೊರಹರಿವೆಷ್ಟು? ಈ ಅಂಕಿಗಳಿಂದ ನಾಲೆಗೆ ನೀರು ಬರುವ ಸಂಭವವನ್ನು ಅವರು ಊಹಿಸಬಲ್ಲರು. ಬರಿಯ ಕಣ್ಣಂದಾಜಿನಿಂದ ಇದು ಆಗುವ ಕೆಲಸವಲ್ಲ. ದಿನದಿನವೂ ಒಂದೇ ಕ್ರಮದಲ್ಲಿ ನೋಡಿ ಬರೆದಿಟ್ಟುದರ ಫಲವಿದು.

ವಿಜ್ಞಾನದ ಮೊದಲ ಪಾಠವೂ ಇದೇ: ನೋಡು, ಹೆಸರಿಡು, ಬರೆದಿಡು, ಹೋಲಿಸು. ಪ್ರಾಥಮಿಕ ಶಾಲೆಯ ಮಕ್ಕಳು ಈ ಪಾಠವನ್ನು ತಮ್ಮ ಮನಸ್ಸಿನ ವಿಷಯದಲ್ಲಿಯೂ ಅಭ್ಯಾಸ ಮಾಡಬೇಕೆಂಬುದು ನನ್ನ ಅಭಿಪ್ರಾಯ. ಇದಕ್ಕೆ ಬೇಕಾದುದು ಒಂದು ಬರೆಯುವ ಪುಸ್ತಕ ಮತ್ತು ದಿನಕ್ಕೆ ಐದು ನಿಮಿಷ. ಇಂದು ನನಗೆ ಏನೆನಿಸಿತು? ಯಾವಾಗ? ಏಕೆ? ಎರಡು ಮೂರು ವಾಕ್ಯಗಳು ಸಾಕು. ಅಕ್ಷರ ಕೂಡಿಸಲು ಇನ್ನೂ ಬಾರದ ಮಗು ಚಿತ್ರ ಬರೆಯಲಿ.

'ಕಾಗುಣಿತಕ್ಕೂ ಮಗ್ಗಿಗೂ ಹೊತ್ತು ಸಾಲದಿರುವಾಗ ಇದೇಕೆ?' ಎಂದು ಕೆಲವರು ಕೇಳಬಹುದು. ಪ್ರಶ್ನೆ ನ್ಯಾಯವಾದುದೇ. ಉತ್ತರ ಇಷ್ಟು: ಲೆಕ್ಕ ಮಾಡುವಾಗ ಅಂಕಿಗಳನ್ನು ಕ್ಷಣಕಾಲ ಹಿಡಿದಿಟ್ಟುಕೊಳ್ಳುವ ಮನಸ್ಸಿನ ಶಕ್ತಿಗೆ ಒಂದು ಮಿತಿಯುಂಟು. ಚಿಂತೆ ಆ ಸ್ಥಳವನ್ನೇ ಆಕ್ರಮಿಸುತ್ತದೆ. ಹಿಂದಿನ ರಾತ್ರಿ ಮನೆಯಲ್ಲಿ ಜಗಳ ಕೇಳಿ ಬಂದ ಮಗುವಿಗೆ ಭಾಗಾಕಾರ ತಪ್ಪಿದರೆ, ಅದನ್ನು ದಡ್ಡತನವೆಂದು ತೀರ್ಮಾನಿಸುವುದು ಅವಸರದ ಮಾತು.

ಈ ವಿಚಾರಕ್ಕೆ ಪ್ರಯೋಗದ ಬೆಂಬಲವೂ ಉಂಟು. 2011ರಲ್ಲಿ ರಮಿರೆಜ್ ಮತ್ತು ಬೈಲಾಕ್ ಎಂಬ ಅಮೆರಿಕದ ಸಂಶೋಧಕರು 'ಸೈನ್ಸ್' ಪತ್ರಿಕೆಯಲ್ಲಿ ಒಂದು ವರದಿಯನ್ನು ಪ್ರಕಟಿಸಿದರು. ಪರೀಕ್ಷೆಗೆ ಮುಂಚೆ ಹತ್ತು ನಿಮಿಷ ತಮ್ಮ ಭಯವನ್ನು ಕುರಿತು ಬರೆದ, ಪರೀಕ್ಷೆಗೆ ಬಹಳ ಅಂಜುವ ವಿದ್ಯಾರ್ಥಿಗಳು ಹೆಚ್ಚು ಅಂಕ ಗಳಿಸಿದರು. ಒಂಬತ್ತನೆಯ ತರಗತಿಯವರಲ್ಲಿಯೂ ಈ ಫಲ ಕಂಡಿತು. 2007ರಲ್ಲಿ ಲೀಬರ್‌ಮನ್ ಮತ್ತು ಸಂಗಡಿಗರು, ಚಿತ್ರದ ಮುಖದಲ್ಲಿ ಕಂಡ ಭಾವಕ್ಕೆ ಹೆಸರು ಕೊಟ್ಟೊಡನೆ ಮಿದುಳಿನಲ್ಲಿ ಭೀತಿಗೆ ಸಂಬಂಧಿಸಿದ ಅಮಿಗ್ಡಲ ಎಂಬ ಭಾಗದ ಚಟುವಟಿಕೆ ತಗ್ಗುವುದನ್ನು ತೋರಿಸಿದರು.

ಆದರೆ ವಿಜ್ಞಾನದ ಹೆಸರಿನಲ್ಲಿ ಅತ್ಯುಕ್ತಿ ಸಲ್ಲದು. ಈ ಪ್ರಯೋಗಗಳಲ್ಲಿ ಭಾಗವಹಿಸಿದವರು ಏಳೆಂಟು ವರ್ಷದ ಮಕ್ಕಳಲ್ಲ. 1986ರಲ್ಲಿ ಪೆನ್ನಿಬೇಕರ್ ಮತ್ತು ಬೀಲ್ ನಡೆಸಿದ ಪ್ರಯೋಗದಲ್ಲಿ, ನೋವನ್ನು ಕುರಿತು ಬರೆದ ವಿದ್ಯಾರ್ಥಿಗಳ ಮನಸ್ಸು ಬರೆದೊಡನೆ ಇನ್ನಷ್ಟು ಕುಗ್ಗಿತ್ತು. ಮುಂದಿನ ತಿಂಗಳುಗಳಲ್ಲಿ ಮಾತ್ರ ಅವರು ವೈದ್ಯರ ಬಳಿಗೆ ಹೋಗುವುದು ಕಡಮೆಯಾಯಿತು. ಆದುದರಿಂದ ಎಳೆಯರನ್ನು ನೋವಿನ ನೆನಪಿಗೇ ಕಟ್ಟಿಹಾಕಬಾರದು. ಹಿಗ್ಗು, ಬೆರಗುಗಳೂ ಪುಸ್ತಕದಲ್ಲಿ ಬರಲಿ.

ಭಾವಕ್ಕೆ ಹೆಸರಿಡಲು ನಮ್ಮ ನುಡಿಯಲ್ಲಿ ಬಡತನವಿಲ್ಲ. ಭರತಮುನಿ ಎಂಟು ಸ್ಥಾಯಿಭಾವಗಳನ್ನು ಹೇಳಿದನು. ಮೇಲುಕೋಟೆಯ ಪು.ತಿ.ನ., ಕಿಕ್ಕೇರಿಯ ಕೆ.ಎಸ್. ನರಸಿಂಹಸ್ವಾಮಿ ಇದೇ ಸೀಮೆಯವರು. ಕವಿಗಳ ಮಾತಿರಲಿ, ಕೃಷ್ಣರಾಜಪೇಟೆಯ ಹಳ್ಳಿಯೊಂದರ ಹುಡುಗನೂ ದಿಗಿಲು, ಅಳುಕು, ಸಂಕಟ, ಮುನಿಸು, ಹೊಟ್ಟೆಕಿಚ್ಚು ಎಂಬ ಮಾತುಗಳನ್ನು ಮನೆಯಲ್ಲಿಯೇ ಕಲಿತಿರುತ್ತಾನೆ. ಇವೆಲ್ಲವನ್ನೂ 'ಬೇಜಾರು' ಎಂಬ ಒಂದೇ ಮಾತಿನಲ್ಲಿ ಅಡಗಿಸುವುದು, ಬೆಚ್ಚಗಿನ ನೀರನ್ನೂ ಕುದಿಯುವ ನೀರನ್ನೂ 'ಬಿಸಿ' ಎಂದಷ್ಟೇ ಹೇಳಿದಂತೆ. ಉಷ್ಣಮಾಪಕ ಬಂದ ಮೇಲಲ್ಲವೆ ಉಷ್ಣದ ಶಾಸ್ತ್ರ ಬೆಳೆದದ್ದು? ಕರುವನ್ನು ಮಾರಿದ ದಿನ ತನಗಾದುದು ಸಿಟ್ಟೋ ಸಂಕಟವೋ ಎಂದು ಯೋಚಿಸುವ ಮಗು, ಭಾಷೆಯನ್ನೂ ಕಾರ್ಯಕಾರಣ ವಿಚಾರವನ್ನೂ ಒಟ್ಟಿಗೆ ಕಲಿಯುತ್ತದೆ.

ಉಪಾಧ್ಯಾಯರು ಮೂರು ನಿಯಮಗಳನ್ನು ಪಾಲಿಸುವುದು ಅಗತ್ಯ. ಈ ಪುಸ್ತಕಕ್ಕೆ ಅಂಕವೂ ಬೇಡ, ಕೆಂಪು ಶಾಯಿಯೂ ಬೇಡ. ಕಾಗುಣಿತ ತಿದ್ದಲು ಬೇರೆ ಪುಸ್ತಕವಿದೆ. ಮಗು ತೋರಿಸಲೊಪ್ಪದ ಪುಟವನ್ನು ಬಲವಂತದಿಂದ ಓದಬಾರದು. ತರಗತಿಯಲ್ಲಿ ಗಟ್ಟಿಯಾಗಿ ಓದಿಸುವುದಂತೂ ಕೂಡದು. ಆದರೆ ಮಗು ತಾನಾಗಿ ತೋರಿಸಿದ ಪುಟದಲ್ಲಿ ಹೊಡೆತ, ಹಸಿವು ಅಥವಾ ಕಿರುಕುಳದ ಸುಳಿವು ಕಂಡರೆ ಸುಮ್ಮನಿರಲಾಗದು. ಮುಖ್ಯೋಪಾಧ್ಯಾಯರಿಗೆ ತಿಳಿಸಬೇಕು, ಮಕ್ಕಳ ಸಹಾಯವಾಣಿ 1098ಕ್ಕೆ ಕರೆಮಾಡಬೇಕು. ಕೇಳುವವರಿಲ್ಲದೆ ಬರೆಯಿಸುವುದು ಕ್ರೌರ್ಯವೇ ಸರಿ.

ಇದಕ್ಕೆ ದೊಡ್ಡ ಯೋಜನೆ ಬೇಕಾಗಿಲ್ಲ. 1995ರಲ್ಲಿ ನೆರೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಮೊದಲಾದ 'ನಲಿಕಲಿ' ಪದ್ಧತಿ, ಮಗು ತನ್ನ ವೇಗದಲ್ಲಿ ಕಲಿಯಬಹುದೆಂಬುದನ್ನು ನಾಡಿಗೆ ತೋರಿಸಿಕೊಟ್ಟಿತು. ನಾಗಮಂಗಲದ ಒಂದು ಚಿಕ್ಕ ಶಾಲೆಯೂ ಈ ಐದು ನಿಮಿಷವನ್ನು ನಾಳೆಯೇ ಆರಂಭಿಸಬಹುದು.

ವಿದ್ಯಾರ್ಥಿಮಿತ್ರರೇ, ನಿಮ್ಮ ಪಾತ್ರವೂ ಇದರಲ್ಲಿದೆ. ಮೊದಲು ಒಂದು ತಿಂಗಳು ನೀವೇ ಇಂಥ ದಿನಚರಿಯನ್ನು ಇಟ್ಟು ನೋಡಿ. ಯಾವ ಭಾವ ಯಾವ ಸಂದರ್ಭದಲ್ಲಿ ಮರಳಿ ಮರಳಿ ಬರುವುದೆಂದು ಗುರುತಿಸಿ. ಅನಂತರ ಮನೆಯ ತಮ್ಮತಂಗಿಯರ ಕೈಗೆ ಒಂದು ಪುಸ್ತಕ ಕೊಟ್ಟು, ಸಂಜೆ ಐದು ನಿಮಿಷ ಪಕ್ಕದಲ್ಲಿ ಕುಳಿತುಕೊಳ್ಳಿ. ಅವರು ಕರೆದು ತೋರಿಸಿದರೆ ಮಾತ್ರ ಓದಿ.