ಹುಡುಗನಿಗೆ ಟಿ.ಸಿ., ಅಂಗಡಿಗೆ ಬೋಣಿ!

ಬಡಾವಣೆಯ ತಂದೆ-ತಾಯಂದಿರೇ,

ಕಳೆದ ಮಂಗಳವಾರ ನಮ್ಮ ಬೀದಿಯ ಹುಡುಗನೊಬ್ಬನ ಕೈಗೆ ಕಾಲೇಜಿನವರು ಟಿ.ಸಿ. ಕೊಟ್ಟು ಮನೆಗೆ ಅಟ್ಟಿದರು. ದ್ವಿತೀಯ ಪಿಯು. ಪರೀಕ್ಷೆಗೆ ಇನ್ನು ಐದೇ ವಾರ. ಮಾಡಿದ ತಪ್ಪು, ಶೌಚಾಲಯದಲ್ಲಿ ವೇಪ್, ಅಂದರೆ ಇ-ಸಿಗರೇಟ್, ಎಳೆದದ್ದು. ಅದನ್ನು ಮಾರಿದ ಕಾಂಡಿಮೆಂಟ್ಸ್ ಅಂಗಡಿ ಗೇಟಿನಿಂದ ಕೂಗಳತೆಯಲ್ಲಿದೆ. ಬುಧವಾರ ಬೆಳಿಗ್ಗೆ ಅದರ ಷಟರ್ ಎಂದಿನಂತೆ ಮೇಲೆದ್ದಿತು.

ಆ ವಸ್ತು ಹುಡುಗನ ತಾಯಿಯ ಕಣ್ಣಿಗೆ ಎಷ್ಟೋ ಸಲ ಬಿದ್ದಿತ್ತು. ಹೈಲೈಟರ್ ಪೆನ್ನಿನಷ್ಟು ಉದ್ದ, ತಿಳಿ ಹಸಿರು, ಮಾವಿನಹಣ್ಣಿನ ವಾಸನೆ. ಪೆನ್‌ಡ್ರೈವ್ ಇರಬೇಕೆಂದು ಆಕೆಯೇ ಜಾಮಿಟ್ರಿ ಬಾಕ್ಸಿಗೆ ಎತ್ತಿಟ್ಟಿದ್ದಾರೆ! ರಾತ್ರಿ ಎರಡಾದರೂ ನಿದ್ದೆಯಿಲ್ಲ, ತಂಗಿ ಲೋಟ ಬೀಳಿಸಿದರೂ ರೇಗಾಟ. ಪರೀಕ್ಷೆಯ ಟೆನ್ಷನ್ ಎಂದುಕೊಂಡರು. ಅವನೂ ಹಾಗೇ ನಂಬಿದ್ದ. "ಎರಡು ಪಫ್ ಎಳೆದ್ರೆ ಹಾಯ್ ಅನ್ಸುತ್ತೆ ಆಂಟಿ" ಎಂದ.

ಏಕೆ ಅನಿಸುವುದಿಲ್ಲ? ಮೈಯಲ್ಲಿ ನಿಕೋಟಿನ್ ಇಳಿದಂತೆಲ್ಲ ಚಡಪಡಿಕೆ, ಸಿಡಿಮಿಡಿ, ಓದಿದ್ದು ತಲೆಗೆ ಹತ್ತದ ಸ್ಥಿತಿ. ಮತ್ತೆ ಎಳೆದರೆ ಅದು ಅಡಗುತ್ತದೆ. ಸಂಕಟ ಕೊಟ್ಟದ್ದೂ ಅದೇ, ಔಷಧಿಯ ವೇಷ ಹಾಕಿ ಬಂದದ್ದೂ ಅದೇ. ಮಿದುಳು ಬಲಿಯುವುದು ಸುಮಾರು 25ರ ಹೊತ್ತಿಗೆ. ಹದಿನೇಳರ ಮಿದುಳಿಗೆ ಈ ಚಟ ಬೇಗ ಅಂಟುತ್ತದೆ, ಗಮನವನ್ನೂ ಮನಸ್ಸಿನ ಹತೋಟಿಯನ್ನೂ ಕೆಡಿಸುತ್ತದೆ. ವೇಪ್ ಎಳೆಯುವ ಮಕ್ಕಳಲ್ಲಿ ಖಿನ್ನತೆ, ಆತಂಕ ಹೆಚ್ಚೆಂದು ಅಧ್ಯಯನಗಳು ಮತ್ತೆ ಮತ್ತೆ ಹೇಳಿವೆ. "ಖಿನ್ನತೆ ಮೊದಲೋ, ವೇಪ್ ಮೊದಲೋ?" ಎಂದು ಕೇಳುವ ಪಂಡಿತರಿದ್ದಾರೆ. ಬಾವಿಗೆ ಬಿದ್ದವನನ್ನು ಎಡಗಾಲು ಜಾರಿತೋ ಬಲಗಾಲೋ ಎಂದು ವಿಚಾರಿಸುತ್ತಾ ಕಟ್ಟೆಯ ಮೇಲೆ ಕೂರುವವರಿಗೆ ನಮ್ಮ ದೊಡ್ಡ ನಮಸ್ಕಾರ.

ಈಗ ಕಾನೂನು ನೋಡಿ. ಕರ್ನಾಟಕ 2016ರಲ್ಲೇ ಇ-ಸಿಗರೇಟ್ ನಿಷೇಧಿಸಿತು. 2019ರ ಕೇಂದ್ರ ಕಾಯ್ದೆಯಲ್ಲಿ ಮಾರಿದವನಿಗೆ ಮೊದಲ ಸಲಕ್ಕೆ 1 ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಮತ್ತೆ ಸಿಕ್ಕಿಬಿದ್ದರೆ 3 ವರ್ಷ, 5 ಲಕ್ಷದವರೆಗೆ. ಎಳೆದವನಿಗೆ? ಆ ಕಾಯ್ದೆಯಲ್ಲಿ ಶಿಕ್ಷೆಯೇ ಇಲ್ಲ! ಕಾನೂನು ಬಿಟ್ಟವನನ್ನು ಕಾಲೇಜು ಹಿಡಿಯಿತು, ಕಾನೂನು ಹಿಡಿ ಎಂದವನ ಅಂಗಡಿಯಲ್ಲಿ ನಮ್ಮ ಆರಕ್ಷಕರು ಟೀ ಕುಡಿದರು.

ಇಂಥ ಹುಡುಗನಿಗೆ ಬೇಕಾದದ್ದು ನೆರವು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416ಕ್ಕೆ ಹಗಲು ರಾತ್ರಿ ಯಾವಾಗ ಕರೆ ಮಾಡಿದರೂ ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಕೊಡಬೇಕಿಲ್ಲ. ಮಾನಸಿಕ ಚಿಕಿತ್ಸೆಯ ನಿಮ್ಹಾನ್ಸ್ ಆಸ್ಪತ್ರೆ ಇರುವುದು ಇದೇ ಬೆಂಗಳೂರಿನಲ್ಲಿ. ಪ್ರಿನ್ಸಿಪಾಲರ ಕೈಗೆ ಟಿ.ಸಿ. ಪುಸ್ತಕ ಸಿಕ್ಕಿತು, ಈ ನಂಬರು ಸಿಗಲಿಲ್ಲವೇ?

ಇನ್ನು ಪಕ್ಕದ ಬಡಾವಣೆಯ ಸಂಘದ ಹಿರಿಯರು! "ತಾಯಂದಿರು ಸಂಸ್ಕಾರ ಕಲಿಸಲಿಲ್ಲ" ಎಂದು ನಮಗೇ ಪಾಠ. ಸ್ವಾಮಿ, ನಿಮ್ಮ ಸಭೆ ಅರ್ಧಕ್ಕೆ ನಿಲ್ಲುವುದು ಯಾರ ಸಿಗರೇಟಿಗಾಗಿ ಎಂದು ಇಡೀ ವಾರ್ಡಿಗೆ ಗೊತ್ತು.

ಹುಡುಗ ಪರೀಕ್ಷೆ ಬರೆಯಲೇಬೇಕು. ಅಂಗಡಿಗೆ ಬುದ್ಧಿ ಬರಲೇಬೇಕು. ಹೇಗೆಂದು ಸೇರಿ ಮಾತಾಡೋಣ. ಈ ಭಾನುವಾರ ಬೆಳಿಗ್ಗೆ 10ಕ್ಕೆ ನೀರಿನ ಟ್ಯಾಂಕಿನ ಹತ್ತಿರ ಬನ್ನಿ. ಮಕ್ಕಳನ್ನೂ ಕರೆತನ್ನಿ, ಯಾವ ಅಂಗಡಿಯಲ್ಲಿ ಯಾವ ಫ್ಲೇವರ್ ಸಿಗುತ್ತದೆಂದು ಅವರಿಗೇ ಗೊತ್ತು.

– ಬಡಾವಣೆಯ ತಾಯಂದಿರು