ತೆಳು ಟೈರು, ಒಡೆದ ಅಂಚು

ಬಾಗಿದ ಹ್ಯಾಂಡಲ್ಲು, ತೆಳು ಟೈರುಗಳ ರೋಡ್ ಬೈಕ್ ನಗರವಾಸಿಗಳ ಮೋಜಿನ ವಸ್ತುವೆಂಬ ಭಾವನೆಯಿದೆ. ವಿಜಯಪುರ, ಬಾಗಲಕೋಟೆ ಜಿಲ್ಲೆಗಳ ಹಳ್ಳಿಯ ಮಕ್ಕಳು ಇಂಥ ಸೈಕಲ್ಲುಗಳ ಮೇಲೆಯೇ ರಾಷ್ಟ್ರಮಟ್ಟದ ಪದಕಗಳನ್ನು ಗೆದ್ದಿದ್ದಾರೆ. ಆದರೆ ಸೇಡಂ ತಾಲ್ಲೂಕಿನ ಆದಿತ್ಯನಗರದಂತಹ ಸಿಮೆಂಟಿನ ಊರಿನಲ್ಲಿ, ನಿತ್ಯವೂ ಕಾಲೇಜಿಗೋ ಪಾಳಿಯ ಕೆಲಸಕ್ಕೋ ಹೋಗಿಬರಲು ಅದು ಒದಗೀತೇ?

ಹಳೆಯ ಕಬ್ಬಿಣದ ಸೈಕಲ್ಲಿನ ಅರ್ಧದಷ್ಟೇ, ಅಂದರೆ ಸುಮಾರು 10 ಕಿಲೋ ಅದರ ತೂಕ. ಗೇರುಗಳ ನೆರವಿನಿಂದ ಚಿಂಚೋಳಿ ಕಡೆಯ ಏರುಗಳೂ ಹಗುರವಾಗುತ್ತವೆ. ಆದರೆ ಸ್ಪರ್ಧೆಗೆಂದೇ ಇರುವ 25 ಮಿ.ಮೀ. ಟೈರು ಈ ನೆಲಕ್ಕೆ ಒಗ್ಗದು. ಹಿಂಬದಿಯ ಚಕ್ರದ ಮೇಲೆ 45 ಕಿಲೋ ಭಾರವಿದ್ದು, ಗಾಳಿಯ ಒತ್ತಡ ಚದರ ಸೆಂಟಿಮೀಟರಿಗೆ 7 ಕಿಲೋ ಇದ್ದರೆ, ನೆಲವನ್ನು ಮುಟ್ಟುವುದು ಹತ್ತು ರೂಪಾಯಿ ನಾಣ್ಯಕ್ಕಿಂತ ತುಸುವೇ ಹೆಚ್ಚಿನ ಜಾಗ. 32 ಮಿ.ಮೀ. ಟೈರು ಹಾಕಿ ಒತ್ತಡ ತಗ್ಗಿಸುವುದು ಲೇಸು. ಅಂತಹ ಟೈರಿಗೂ ಮಡ್‌ಗಾರ್ಡಿಗೂ ಜಾಗವಿದೆಯೇ ಎಂಬುದನ್ನು ಕೊಳ್ಳುವ ಮುನ್ನವೇ ನೋಡಬೇಕು. ಅನೇಕ ಮಾದರಿಗಳಲ್ಲಿ ಇರುವುದಿಲ್ಲ. ಎರೆಮಣ್ಣಿನ ಜೇಡಿ ನೀರು ಹೀರಿ ಉಬ್ಬುವಂಥದ್ದು, ಅಂಟುವಂಥದ್ದು. ಮಳೆಗಾಲದಲ್ಲಿ ಟ್ರ್ಯಾಕ್ಟರುಗಳು ರಸ್ತೆಗೆ ತಂದ ಆ ಮಣ್ಣು ಇಕ್ಕಟ್ಟಾದ ಬ್ರೇಕಿನ ನಡುವೆ ಸಿಕ್ಕಿಕೊಂಡರೆ ಚಕ್ರವೇ ತಿರುಗದು. ಸಿಮೆಂಟಿನ ಧೂಳಾದರೋ ಎಣ್ಣೆಯೊಡನೆ ಬೆರೆತು ಚೈನನ್ನು ಅರೆಯುತ್ತದೆ. ಆಗಾಗ ಒರೆಸಿ, ಎಣ್ಣೆಯನ್ನು ಮಿತವಾಗಿ ಬಿಡುವುದೊಂದೇ ದಾರಿ.

ಇವೆಲ್ಲ ಸವಾರನ ಕೈಯಲ್ಲಿರುವ ಸಂಗತಿಗಳು. ರಸ್ತೆಯ ಅಂಚು ಹಾಗಲ್ಲ. ಡಾಂಬರಿನ ಮೇಲೆ ಡಾಂಬರು ಬಿದ್ದು ರಸ್ತೆ ಎತ್ತರವಾಗುತ್ತದೆ, ಪಕ್ಕದ ಮಣ್ಣು ಮಳೆಗೆ ಕೊಚ್ಚಿಹೋಗುತ್ತದೆ. ಹಿಂದಿನಿಂದ ಲಾರಿ ಹಾರ್ನ್ ಮಾಡಿದಾಗ ಸವಾರ ಕೆಳಗಿಳಿಯಲೇಬೇಕು. ಮತ್ತೆ ಓರೆಯಾಗಿ ಏರಲೆತ್ನಿಸಿದರೆ ತೆಳು ಟೈರು ಅಂಚಿಗೆ ಉಜ್ಜಿ ಜಾರುತ್ತದೆ. ಆತ ಬೀಳುವುದು ಬಲಕ್ಕೆ, ವಾಹನಗಳತ್ತ. ಇಳಿದು, ಸೈಕಲ್ಲನ್ನು ಎತ್ತಿ ಇಡುವುದೇ ಕ್ಷೇಮ.

2006-07ರಲ್ಲಿ ಆರಂಭಗೊಂಡು ಕೋವಿಡ್ ಕಾಲದಲ್ಲಿ ನಿಂತ ಯೋಜನೆಯಡಿ ಸರ್ಕಾರ ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ಲು ಹಂಚಿತು. ಅವು ಓಡಬೇಕಾದ ಅಂಚಿನ ಯೋಚನೆ ಮಾತ್ರ ಯಾರಿಗೂ ಬಂದಂತಿಲ್ಲ. ಹಣವಿಲ್ಲವೆಂಬ ಮಾತು ಸುಣ್ಣಕಲ್ಲಿನ ಈ ಸೀಮೆಯಲ್ಲಿ ಸಲ್ಲದು. 2015ರ ಗಣಿ ಕಾಯ್ದೆಯ ತಿದ್ದುಪಡಿಯಿಂದ ರೂಪುಗೊಂಡ ಜಿಲ್ಲಾ ಖನಿಜ ಪ್ರತಿಷ್ಠಾನಗಳಿಗೆ ಗಣಿ ಗುತ್ತಿಗೆದಾರರು ರಾಜಧನದ ಜೊತೆಗೆ ವಂತಿಗೆ ಕಟ್ಟುತ್ತಾರೆ. ಅದು ಗಣಿಬಾಧಿತ ಊರುಗಳ ಹಣ, ರಸ್ತೆಗೂ ವಿನಿಯೋಗಿಸಬಹುದಾದ ಹಣ. ರಸ್ತೆಯ ಎರಡೂ ಬದಿಗೆ ಒಂದೊಂದು ಮಾರು ಅಗಲದ ಗಟ್ಟಿ ಪಟ್ಟಿಯನ್ನು ಡಾಂಬರಿನ ಮಟ್ಟಕ್ಕೇ ಕಟ್ಟಿಸುವಂತೆ ಕೇಳುವ ಹಕ್ಕು ಗ್ರಾಮಸಭೆಗಿದೆ. ಅಂಚು ಎಲ್ಲೆಲ್ಲಿ, ಎಷ್ಟೆಷ್ಟು ಗೇಣು ಒಡೆದಿದೆಯೆಂದು ಅಳೆದು ಪಟ್ಟಿ ಮಾಡಿ, ಮುಂದಿನ ಸಭೆಯಲ್ಲಿ ಠರಾವಿಗೆ ಇಡುವ ಕೆಲಸವನ್ನು ವಿದ್ಯಾರ್ಥಿಗಳೇ ಕೈಗೊಳ್ಳಬಹುದು.